ಬಲಗಿವಿಯ ಪಂಚಮ

ಅಕಿನ್ನ ನಾ ಎಲ್ಲಾರ ಮುಂದ ಎಬ್ಬಿಸಿ ಹೊರಗ ಕಳಿಸಿದೆ. ಇದನ್ನ ಮೊದಲ ಹೇಳಿಬಿಡ್ತೀನಿ, ಇಲ್ಲಾಂದ್ರ ಹೇಳ್ಕೋತ ಹೋದಂಗ ನನ್ನ ಕಡೆ ವಾಲಿಸಿ ಏನೇನೋ ಸೇರಿಸ್ತೀನಿ. ನನ್ನ ಗುಣ ನನಗ ಗೊತ್ತೈತಿ. ಸಿಟ್ಟು ಮೂಗಿನ ತುದಿಗೆ, ನೆವ ನಾಲಿಗಿ ತುದಿಗೆ.

ಬೋರಗಾಂವದ ಸಮುದಾಯ ಭವನದಾಗ ಪ್ರತಿ ರವಿವಾರ ಮುಂಜಾನೆ ನಾ ಹಾಡು, ಚಿತ್ರ ಎರಡೂ ಕಲಿಸ್ತೀನಿ. ನಿಪ್ಪಾಣಿಯಿಂದ ಬಸ್ಸಿಗೆ ಹೋಗಿ ಬರೂದು. ಸಾಲಿ ನೌಕರಿಯಿಂದ ರಿಟೈರ್ ಆದ ಮ್ಯಾಲ ಸುಮ್ಮನ ಮನಿಯಾಗ ಕುಂತರ ಮನಿ ಮಂದೀಗೆ ತ್ರಾಸ ಆದೀತು ಅಂತ ಸುರು ಮಾಡಿದ್ದು. ವಯಸ್ಸಿಗೊಂದು ವರ್ಗ ಅಂತ ನಾ ಇಟ್ಟಿಲ್ಲ. ಆರು ವರ್ಷದ ಹುಡುಗಿ ಬರ್ತಾಳ, ಎಪ್ಪತ್ತು ದಾಟಿದ ಬಸ್ ಡ್ರೈವರ್ ಅಜ್ಜಾನೂ ಬರ್ತಾನ. ನಡುವ ಕಾಲೇಜ ಹುಡುಗ್ಯಾರು, ಒಬ್ಬ ಟೇಲರ್, ಒಬ್ಬಾಕಿ ಕಬ್ಬಿನ ಹೊಲದ ಗೌಡಸಾನಿ. ಎಲ್ಲಾರೂ ಒಂದ ಜಮಖಾನದ ಮ್ಯಾಲ. ಮೊದಲ ಹಾಡು, ಆಮ್ಯಾಲ ಜಮಖಾನ ಸುತ್ತಿಟ್ಟು ಅದ ಫರಸಿ ಮ್ಯಾಲ ಚಿತ್ರ.

ಚಿತ್ರದಾಗ ನಾ ಧಾರಾಳಿ. ಅಜ್ಜ ಹಸರ ಎತ್ತು ಬರದರೂ, ಆ ಸಣ್ಣಾಕಿ ಬಸ್ಸಿಗಿಂತ ದೊಡ್ಡ ಗುಬ್ಬಿ ಬರದರೂ "ಭಾಳ ಛೊಲೊ ಐತಿ" ಅಂತೀನಿ. ಹಾಡಿನಾಗ ಮಾತ್ರ ಕೂದಲೆಳಿಯಷ್ಟೂ ಬಿಡೂದಿಲ್ಲ. ಹಾರ್ಮೋನಿಯಂ ಪೆಟ್ಟಿಗಿ ಹಚ್ಚಿ ಹಾಡೂದು ನನಗ ಸೇರೂದಿಲ್ಲ. ಫೋನಿನಾಗ ಬರೂ ತಂಬೂರಿ ಸದ್ದೂ ಬ್ಯಾಡ. ನಮ್ಮ ಗುರುಗಳು ಕಲಿಸಿದಂಗ ಖರೆ ತಂಬೂರಿ ಆಗಬೇಕು, ಅದನ್ನ ಕಿವೀಲೇ ಕೂಡಿಸಬೇಕು. ಬಲ ಹೆಗಲಿಗೆ ಒರಗಿಸಿ, ಬಲಗಿವಿ ಹಚ್ಚಿ, ಬಿರಡೆ ತಿರುವಿ ಶ್ರುತಿ ಹಿಡಿಯೂದು. ನಾಲ್ಕು ತಂತಿಯೊಳಗ ಮೂರು ಸ, ಒಂದು ಪ. ನಾ ಕೂಡಿಸಿದ ಪ ಯಾವುದೋ ಅದ ಎಲ್ಲಾರ ಪ. ನಮ್ಮ ವರ್ಗದಾಗ ಅದರ ಮ್ಯಾಲ ಮಾತಿದ್ದಿಲ್ಲ.

ಹೊರಗ ಕಳಿಸಿದೆ ಅಂದ್ನೆಲ್ಲ, ಅಕಿ ಪವರ್‌ಲೂಮ್ ಮಗ್ಗದಾಗ ಕೆಲಸ ಮಾಡಾಕಿ. ವಯಸ್ಸು ಐವತ್ತರ ಹತ್ತರ. ಇಪ್ಪತ್ತು ವರ್ಷದ ಮ್ಯಾಲಾತು ಮಗ್ಗದ ಶೆಡ್ಡಿನಾಗ ನಿಂತು. ಒಬ್ಬಾಕಿನ ಆರು ಮಗ್ಗ ನೋಡ್ತಾಳ. ಮೊದಲ ದಿನ ಬಾಗಿಲದಾಗ ಚಪ್ಪಲಿ ಕೈಯಾಗ ಹಿಡಕೊಂಡು ನಿಂತು, "ನನ್ನಂಥಾಕಿ ಬಂದ್ರ ನಡೀತೈತೇನ್ರಿ ಅಕ್ಕೋರ?" ಅಂದ್ಲು. "ಮೊದಲ ಚಪ್ಪಲಿ ಕೆಳಗ ಇಡಬೇ, ಆಮ್ಯಾಲ ಹಾಡು" ಅಂದೆ. ಇಟ್ಟು ಹಾಡಿದ್ಲು. ದಪ್ಪ ದನಿ, ಪಾಲಿಶ್ ಇಲ್ಲ, ಆದ್ರ ಸ್ವರಕ್ಕ ಹೋಗಿ ನಿಂತರ ಅಲುಗಾಡೂದಿಲ್ಲ. ನನ್ನ ಮೈಯಾಗ ಝುಂ ಅಂತು. ಇಂಥಾ ದನಿ ಇಷ್ಟು ವರ್ಷ ಮಗ್ಗದ ಗದ್ದಲದಾಗ ಹೂತು ಹೋಗಿತ್ತಲ್ಲ ಅಂತ ಹೊಟ್ಟಿ ಉರೀತು.

ಅಕಿ ಗಂಡ ಅದ ಶೆಡ್ಡಿನಾಗ ಮಗ್ಗ ರಿಪೇರಿ ಮಾಡಾಂವ. ಕೆಟ್ಟಾಂವಲ್ಲ, ಆದ್ರ ಹಠಮಾರಿ. ಈ ವಯಸ್ಸಿನಾಗ ಹಾಡು ಕಲತು ಏನ ಮಾಡಾಕಿ ಅಂತ ಅವಂದು. ಕಡೀಕ ಒಂದು ಕರಾರು ಮಾಡಿದ. ವರ್ಷಕ್ಕೊಮ್ಮೆ ನಾವು ಭವನದಾಗ ಕಾರ್ಯಕ್ರಮ ಮಾಡ್ತೀವಿ, ಊರ ಮಂದಿ ಬರ್ತಾರ. ಅದರಾಗ ಅಕಿ ಒಬ್ಬಾಕಿನ ಒಂದು ಪದ ಹಾಡಬೇಕು. ಬರೋಬರ ಹಾಡಿದ್ಲು ಅಂತ ಗುರು ಆದಾಕಿ ನಾನ ಹೇಳಿದ್ರ ಮುಂದ ಕಲೀಲಿ. ಇಲ್ಲಾಂದ್ರ ರವಿವಾರ ಮನಿಯಾಗ ಇರಲಿ. ಇದನ್ನ ಅಕಿ ನನಗ ನಕ್ಕೋತ ಹೇಳಿದ್ಲು. ಆದ್ರ ಹೇಳೂವಾಗ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿ ಮಾಡಾಕತ್ತಿದ್ಲು. ಆ ನಗಿ ನಾ ನಂಬಲಿಲ್ಲ.

ಕಾರ್ಯಕ್ರಮಕ್ಕ ಒಂದು ತಿಂಗಳ ಇತ್ತು. ಆವಾಗ ಅಕಿ ಪಂಚಮ ಕೆಟ್ಟಿತು, ಅಂದ್ರ ಪ. ಕೆಟ್ಟಿತು ಅಂತ ನನಗ ಅನಿಸ್ತು.

ಪದದಾಗ ಒಂದು ಜಾಗಾ ಐತಿ. ಅಲ್ಲಿ ದನಿ 'ಸ'ದಿಂದ ನೇರ 'ಪ'ಕ್ಕ ಜಿಗದು ನಿಲ್ಲಬೇಕು. ಉಳಿದವರೆಲ್ಲಾ ನಿಂತ್ರು, ಆರು ವರ್ಷದಾಕಿ ಸುದ್ದಾ. ಇಕಿ ಮಾತ್ರ ಒಂದು ನೂಲು ಮ್ಯಾಲ. "ಇಳಸು" ಅಂದೆ. ಇಳಸಿದ್ಲು, ಮರುಕ್ಷಣಕ್ಕ ದನಿ ತಾನ ಮ್ಯಾಲ ಏರಿ ಮೊದಲಿನ ಜಾಗಾಕ್ಕ ಹೋತು. ಒಂದು ವಾರ, ಎರಡು ವಾರ ಹಿಂಗ ನಡೀತು. ನಾ ತೊಡಿ ಬಡದೆ, ತಂಬೂರಿ ಅಕಿ ಕಿವಿ ಹತ್ತರ ಹಿಡದೆ, ಒಮ್ಮೆ ಅಕಿ ಗದ್ದ ಹಿಡದು ಕೆಳಗ ಜಗ್ಗಿದೆ. ಗದ್ದ ಜಗ್ಗಿದ್ರ ಸ್ವರ ಇಳೀತೈತೇನು? ಸಿಟ್ಟಿಗೆ ಬುದ್ಧಿ ಎಲ್ಲಿರ್ತೈತ್ರಿ.

ನಮ್ಮ ತಬಲಾ ಚಾಚಾ ಇದನ್ನೆಲ್ಲಾ ನೋಡಾಕತ್ತಿದ್ರು. ಕುಡಚಿಯವರು, ಬೋರಗಾಂವದಾಗ ಮಗಳ ಮನಿ ಐತಿ ಅಂತ ಶನಿವಾರ ಬಂದು ಉಳೀತಾರ, ರವಿವಾರ ನಮಗ ಸಾಥ್ ಕೊಡ್ತಾರ. ಅರವತ್ತು ವರ್ಷದಿಂದ ಆ ಕೈ ತಬಲಾ ಮ್ಯಾಲ ಐತಿ. ನಾ ಅಕಿನ್ನ ಬೈಯೂವಾಗೆಲ್ಲಾ ಅವರು ತಲಿ ಬಗ್ಗಿಸಿ, ಹದ ಇದ್ದ ತಬಲಾನ ಮತ್ತ ಸುತ್ತಿಗಿಲೇ ಟಕ್ ಟಕ್ ಅಂತ ಬಡೀತಿದ್ರು. ನನ್ನ ಮಾರಿ ನೋಡ್ತಿದ್ದಿಲ್ಲ.

ಮೂರನೇ ರವಿವಾರ. ಒಂದು ವಾರ ಉಳದಿತ್ತು. ಅಕಿ ಮತ್ತ ಮ್ಯಾಲ ಹೋದ್ಲು. ನಾ ತಂಬೂರಿ ಕೆಳಗಿಟ್ಟೆ.

"ಏನಬೇ, ನಿನಗ ಕೇಳ್ತೈತೋ ಇಲ್ಲೊ?"

"ಕೇಳ್ತೈತ್ರಿ ಅಕ್ಕೋರ," ಅಂದ್ಲು. ಆಮ್ಯಾಲ ಭಾಳ ಸಣ್ಣ ದನಿಲೇ, "ಒಂದ ಸಲ ಆ ತಂತಿ ನೋಡ್ರಿ. ಅದು ಕೆಳಗ ಐತಿ ಅನಸ್ತೈತಿ."

ನಾ ಕೂಡಿಸಿದ ತಂಬೂರಿಗೆ ತಪ್ಪು ಹೇಳೂದು! ನನ್ನ ನೆತ್ತಿಗೆ ಬೆಂಕಿ ಬಿತ್ತು.

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ! ಇಪ್ಪತ್ತು ವರ್ಷ ಮಗ್ಗದ ಸದ್ದಿನಾಗ ನಿಂತು ನಿನ್ನ ಕಿವಿ ಹೋಗ್ಯಾವಬೇ. ಕಿವಿ ಇಲ್ಲದಾಕೀಗೆ ನಾ ಏನ ಕಲಸ್ಲಿ? ಏಳು. ಆ ಪದ ಬ್ಯಾರೇದವ್ರು ಹಾಡ್ತಾರ."

ಅಕಿ ಅಳಲಿಲ್ಲ. ಎದ್ದು ನಿಂತು ಸೆರಗು ಸರಿ ಮಾಡ್ಕೊಂಡ್ಲು. "ಆರು ಮಗ್ಗ ಓಡೂವಾಗ ಒಂದರಾಗ ಎಳಿ ಹರದ್ರ ನಾ ಬೆನ್ನ ಹಚ್ಚಿ ನಿಂತ್ರೂ ಸದ್ದಿನ ಮ್ಯಾಲ ಹೇಳ್ತೀನ್ರಿ, ಯಾವ ಮಗ್ಗ ಅಂತ," ಅಂದ್ಲು. "ನನ್ನ ಕಿವಿ ಹೋಗಿಲ್ರಿ." ಚಪ್ಪಲಿ ಮೆಟ್ಟಿ ಹೋದ್ಲು.

ಅಕಿ ಹೋದ ಮ್ಯಾಲ ಉಳಿದವರ ಕೈಲೇ ಹಾಡಿಸಿದೆ. ಎಲ್ಲಾರೂ ಒಂದ ದನಿ ಆಗಿ 'ಪ'ಕ್ಕ ಬಂದು ನಿಂತ್ರು. "ನೋಡ್ರಿ, ಈಗ ಬರೋಬರ ಬಂತು," ಅಂದೆ. ಫೋನಿನಾಗ ಅದನ್ನ ರೆಕಾರ್ಡ್ ಸುದ್ದಾ ಮಾಡಿದೆ, ಹಿಂದಿನ ವಾರದ್ದು ಮೊದಲ ಇತ್ತು. ಚಿತ್ರದ ಹೊತ್ತಿನಾಗ ಯಾರಿಗೂ ಉಮೇದಿ ಇದ್ದಿಲ್ಲ. ಆ ಸಣ್ಣಾಕಿ ಹಾಳಿ ಖಾಲಿ ಕೊಟ್ಲು.

ನಿಪ್ಪಾಣಿ ಬಸ್ಸಿನಾಗ ಕಿಟಕಿ ಬಾಜು ಸೀಟು ಸಿಕ್ಕಿತ್ತು. ನನ್ನ ಇಯರ್‌ಫೋನಿಂದು ಒಂದ ಕಡೆ ಕೆಟ್ಟಿತ್ತು, ಒಂದ ನಡೀತಿತ್ತು. ಬಲಗಿವಿಗೆ ಹಾಕ್ಕೊಂಡು ಇವತ್ತಿನ ರೆಕಾರ್ಡ್ ಕೇಳಿದೆ. ಚಂದ ಇತ್ತು. ಅಷ್ಟರಾಗ ಕಂಡಕ್ಟರ್ ಬಂದು ಬಲಕ್ಕ ನಿಂತು ಟಿಕೆಟ್ ಅಂದ. ಅವನ ಮಾತು ಕೇಳಾಕ ಅದನ್ನ ಬಿಚ್ಚಿ ಎಡಗಿವಿಗೆ ಹಾಕ್ಕೊಂಡೆ. ಹಾಡು ಓಡಾಕತ್ತಿತ್ತು. ಪ ಬಂತು. ಕೆಳಗ ಜೋತು ಬಿದ್ದಿತ್ತು.

ತಿರುಗಿ ಬಲಕ್ಕ ಹಾಕಿದೆ. ಬರೋಬರ. ಎಡಕ್ಕ ಹಾಕಿದೆ. ತಪ್ಪು. ಹಿಂದಿನ ವಾರದ್ದು ಹಚ್ಚಿದೆ, ಅಕಿ ಇದ್ದದ್ದು. ಎಡಗಿವಿಯಾಗ ಇಪ್ಪತ್ತು ಮಂದಿ, ನಾನು, ನನ್ನ ತಂಬೂರಿ ಎಲ್ಲಾ ಕೂಡಿ ಕೆಳಗ ಇದ್ವಿ. ಅಕಿ ಒಬ್ಬಾಕಿನ ಮ್ಯಾಲ, ಪ ಎಲ್ಲಿರಬೇಕೋ ಅಲ್ಲಿ ನಿಂತಿದ್ಲು. ಟಿಕೆಟ್ ತಗೋರಿ ಅಂತ ಕಂಡಕ್ಟರ್ ಮೂರು ಸಲ ಅಂದನಂತ.

ನಾಕ ತಿಂಗಳಿಂದ ಬಲಗಿವಿಯಾಗ ಗುಂಯ್ ಅಂತಿತ್ತು. ಥಂಡಿ ಅಂದ್ಕೊಂಡಿದ್ದೆ. ಖರೆ ಹೇಳ್ತೀನಿ, ಅಂದ್ಕೊಂಡಿದ್ದಿಲ್ಲ, ಹಂಗಂತ ನನ್ನ ನಾನ ನಂಬಿಸಿದ್ದೆ. ಮರುದಿನ ಮಿರಜಕ್ಕ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಒಂದು ಡಬ್ಬಿಯಂಥ ಖೋಲಿಯಾಗ ಕುಂಡ್ರಿಸಿ ಪರೀಕ್ಷಾ ಮಾಡಿದ್ರು. ಬಲಗಿವಿ ಒಳಗಿನ ನರ ಸವದೈತಿ, ಅದಕ್ಕ ಒಂದ ಸ್ವರ ಎರಡು ಕಿವಿಗೆ ಎರಡು ಥರ ಕೇಳ್ತೈತಿ, ಮಷೀನ್ ಹಾಕಿದ್ರ ಸದ್ದು ದೊಡ್ಡದಾದೀತು, ನೆಟ್ಟಗ ಆಗೂದಿಲ್ಲ ಅಂದ್ರು. "ಏನ ಕೆಲಸ ಮಾಡ್ತೀರಿ?" ಅಂತ ಕೇಳಿದ್ರು. ಚಿತ್ರ ಕಲಸ್ತೀನ್ರಿ ಅಂದೆ. ಥೂ ನನ್ನ.

ಅಲ್ಲಿಂದ ನೇರ ಕುಡಚಿಗೆ ಹೋದೆ. ಚಾಚಾ ಅಂಗಳದಾಗ ಮಂಚದ ಮ್ಯಾಲ ಕುಂತಿದ್ರು. ಚಹಾ ಬರೂ ತನಕ ನನಗ ತಾಳ್ಮಿ ಇದ್ದಿಲ್ಲ.

"ನಿಮಗ ಗೊತ್ತಿತ್ತಲ್ಲ ಚಾಚಾ?"

ಅವರು ಏನ ಅಂತ ಕೇಳಲಿಲ್ಲ. "ಗೊತ್ತಿತ್ತವ್ವಾ," ಅಂದ್ರು. "ನೀವು ನೀರು ಕುಡ್ಯಾಕ ಎದ್ದಾಗ ಎರಡು ಸಲ ನಾನ ತಂಬೂರಿ ತಂತಿಗಿರೂ ಮಣಿ ಸರಸಿ ಪ ಸರಿ ಮಾಡಿಟ್ಟೆ. ನೀವು ಬಂದು ಕಿವಿ ಹಚ್ಚಿ ಮತ್ತ ಕೆಳಗ ಇಳಸಿದ್ರಿ."

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿಮಗ?" ನಾ ಅವರ ಮ್ಯಾಲೂ ಒದರಿದೆ.

"ತೋಬಾ! ಗುರು ಗಾದಿ ಮ್ಯಾಲ ಕುಂತಾವ್ರಿಗೆ, ಶಾಗಿರ್ದರ ಮುಂದ, ನಿಮ್ಮ ಸ್ವರ ತಪ್ಪೈತಿ ಅಂತ ಹೆಂಗ ಅನ್ನೂದು? ನನ್ನ ಉಸ್ತಾದರ ಕೈ ನಡಗೂ ಮುಂದ ಸುದ್ದಾ ನಾವು ತಾಳಾನ ಅವರ ಹಿಂದ ಒಯ್ದೀವಿ." ಚಾಚಾ ತಮ್ಮ ಕಿವಿ ಮುಟ್ಕೊಂಡ್ರು. "ನಮ್ಮ ವರ್ಗದಾಗೂ ಅದ ಆತು. ಅಜ್ಜಗ ಗೊತ್ತಾಗೇತಿ, ಟೇಲರಗ ಗೊತ್ತಾಗೇತಿ. ಅಕ್ಕೋರು ಎಲ್ಲಿ ಅದಾರೋ ಅಲ್ಲೇ ಇರೂಣು ಅಂತ ಎಲ್ಲಾರೂ ದನಿ ಇಳಸಿದ್ರು. ಮರ್ಯಾದಿ ಅಲ್ಲೇನವ್ವಾ? ಅಕೀಗೂ ಇಳಸು ಅಂತ ಕಣ್ಣಿಲೇ ಹೇಳಿದ್ದೆ. ಅಕಿ ಕೈಲೇ ಆಗಲಿಲ್ಲ."

ಎಂಥಾ ಮರ್ಯಾದಿ ಹಾಳಾದ್ದು! ಒಂದು ಇಡೀ ವರ್ಗ, ಅಜ್ಜನಿಂದ ಕೂಸಿನ ತನಕ, ನನ್ನ ಮಾನ ಕಾಯಾಕ ತಪ್ಪು ಹಾಡು ಕಲತಿತ್ತು. ನಾ ಅದನ್ನ ಬರೋಬರ ಅಂತ ಹೊಗಳಿದ್ದೆ. ಚಾಚಾನ ಅಂಗಳದಾಗ ಕುಂತು ಅತ್ತೆ. ಅವರು ಚಹಾ ಆರ್ತೈತಿ ಅಂದ್ರು.

ಬುಧವಾರ ಅಕಿ ಮಗ್ಗದ ಶೆಡ್ಡಿಗೆ ಹೋದೆ. ಒಳಗ ಕಾಲಿಟ್ಟ ಕೂಡ್ಲೆ ಆ ಸದ್ದು ಎದಿಗೆ ಬಡೀತು. ಲಾಳಿಗಳು ಖಟ್ ಖಟ್ ಅಂತ ಹೊಡಕೊಳ್ಳಾಕತ್ತಿದ್ವು. ಅಕಿ ನನ್ನ ನೋಡಿದ್ಲು, ಕೈ ಕೆಲಸ ಬಿಡಲಿಲ್ಲ.

"ನನ್ನ ತಪ್ಪಾಗೇತಿ!" ಅಂತ ಒದರಿದೆ. ಏನ್ರಿ ಅಂತ ಕೈ ಮಾಡಿದ್ಲು. ಹತ್ತರ ಹೋಗಿ ಮತ್ತ ಒದರಿದೆ, "ನಿನ್ನ ಪ ಸರಿ ಐತಿ! ಕಿವಿ ಹೋಗಿದ್ದು ನಂದು!"

ಅಕಿ ನಿಂತ್ಲು. ಆಮ್ಯಾಲ ತನ್ನ ಆರು ಮಗ್ಗ ಒಂದೊಂದಾಗಿ ಬಂದ್ ಮಾಡಿದ್ಲು. ಸದ್ದು ಅರ್ಧ ಆತು. ಆಜುಬಾಜು ಮಂದಿ ಹೊಳ್ಳಿ ನೋಡಿದ್ರು. ಅಕಿ ಗಂಡ ನಟ್ಟು ತಿರುವೂ ಪಾನಾ ಹಿಡಕೊಂಡು ಆ ತುದಿಯಿಂದ ಬಂದ. ನಾ ಮಿರಜದ್ದು, ಬಸ್ಸಿಂದು ಎಲ್ಲಾ ಹೇಳಿದೆ. "ರವಿವಾರ ನೀನ ಹಾಡಬೇಕವ್ವಾ. ಕೈ ಮುಗೀತೀನಿ," ಅಂದೆ.

ಅಕಿ ಕಣ್ಣಾಗ ನೀರು ಬಂದಿತ್ತು, ಮಾತು ಮಾತ್ರ ಮೆತ್ತಗ ಇದ್ದಿಲ್ಲ. "ಕಿವಿ ಇಲ್ಲದಾಕಿ ಅಂತ ಎಲ್ಲಾರ ಮುಂದ ಅಂದ್ರಿ. ಇಲ್ಲಿ ಮಗ್ಗದ ಸಂದಿಯಾಗ ತಪ್ಪಾತು ಅಂತೀರಿ. ಹಂಗ ಬ್ಯಾಡ್ರಿ ಅಕ್ಕೋರ. ಎಲ್ಲಿ ಅಂದಿದ್ರೋ ಅಲ್ಲೇ ಅನ್ರಿ."

ಗಂಡ ನಡುವ ಬಾಯಿ ಹಾಕಿದ. "ಗುರು ಒಮ್ಮೆ ಆಗೂದಿಲ್ಲ ಅಂದ ಮ್ಯಾಲ ಮುಗೀತು ಅಂತ ನಾ ಅಕೀಗೆ ಹೇಳಿದ್ದೆ. ಈಗ ನೀವ ತಿರಗ್ಸಿ ಹೇಳಾಕತ್ತೀರಿ. ಆತು, ಬಂದು ಹಾಡಲಿ. ಆದ್ರ ಕರಾರು ಕರಾರ ಐತ್ರಿ. ನನಗ ಹಾಡು ತಿಳಿಯೂದಿಲ್ಲ. ಹಾಡು ಮುಗದ ಮ್ಯಾಲ ನಿಮ್ಮನ್ನ ಕೇಳ್ತೀನಿ."

"ಕಿವಿ ಹೋಗೇತಿ ಅಂದ್ನೆಲ್ಲೋ ಮಾರಾಯ, ನನ್ನ ಯಾಕ ಕೇಳ್ತಿ?"

"ಗುರು ನೀವ ಅಲ್ಲೇನ್ರಿ? ಮತ್ತ ಯಾರನ್ನ ಕೇಳ್ಲಿ?" ಅಂದ. ಅವನ ಮಾರಿಯಾಗ ಚೇಷ್ಟಿ ಇದ್ದಿಲ್ಲ.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ಮೂರು ದಿನ ನಿದ್ದಿ ಸರಿ ಬರಲಿಲ್ಲ. ಹಾಡು ಕಲಿಸಾಕೀಗೆ ಕಿವಿ ಇಲ್ಲ ಅಂತ ನಾನ ಹೇಳಿದ್ರ ಆ ಜಮಖಾನದ ಮ್ಯಾಲ ಯಾರು ಬಂದು ಕುಂಡ್ರತಾರ? ಸಾಲಿ ಬಿಟ್ಟ ಮ್ಯಾಲ ನನಗ ಉಳದಿದ್ದು ಆ ರವಿವಾರ ಒಂದ. ಅಂಜಿಕಿ ಆಗಿತ್ತು, ಸುಳ್ಳ ಯಾಕ ಹೇಳ್ಲಿ. ಆದ್ರೂ ಶನಿವಾರ ಮುಂಜಾನೆ ಎಲ್ಲಾರನ್ನೂ ಭವನಕ್ಕ ಕರದೆ. ಅಕಿ ಬಂದು ಬಾಗಿಲದಾಗ ನಿಂತ್ಲು, ಒಳಗ ಬರಲಿಲ್ಲ.

ನಾ ನಿಂತ ಹೇಳಿದೆ. ಕುಂತು ಹೇಳಿದ್ರ ಗಾದಿ ಮ್ಯಾಲಿನ ಮಾತು ಆಗ್ತೈತಿ ಅನಿಸ್ತು. ನನ್ನ ಬಲಗಿವಿ ಕೆಟ್ಟೈತಿ, ಒಂದು ತಿಂಗಳಿಂದ ನಿಮಗೆಲ್ಲಾ ತಪ್ಪು ಪ ಕಲಿಸೀನಿ, ಸರಿ ಹಾಡಿದಾಕಿನ್ನ ಬೈದು ಹೊರಗ ಹಾಕೀನಿ ಅಂದೆ. ಅಜ್ಜ ನೆಲ ನೋಡಿದ. ಗೌಡಸಾನಿ ಸೆರಗು ಬಾಯಿಗೆ ಹಿಡದ್ಲು. ಯಾರಿಗೂ ಅಚ್ಚರಿ ಆಗಲಿಲ್ಲ, ಅದು ನನಗ ಚುಚ್ಚಿತು. ಆರು ವರ್ಷದಾಕಿ ಮಾತ್ರ, "ಮತ್ತ ಈಗ ಯಾವ ಪ ಹಾಡೂದ್ರಿ ಅಕ್ಕೋರ?" ಅಂತ ಕೇಳಿದ್ಲು.

ತಂಬೂರಿ ಒಯ್ದು ಬಾಗಿಲದಾಗ ನಿಂತಾಕಿ ಕೈಯಾಗ ಕೊಟ್ಟೆ. "ಕೂಡಸು," ಅಂದೆ. ಅಕಿ ಬಿರಡೆ ಮುಟ್ಟಿದ್ದು ಅದ ಮೊದಲು. ಹೆಂಗ ತಿರುವೂದು, ಮಣಿ ಹೆಂಗ ಸರಸೂದು ಅಂತ ಬಾಯಿಲೇ ಹೇಳಿಕೊಟ್ಟೆ, ಎಲ್ಲಿ ನಿಲ್ಲಿಸೂದು ಅನ್ನೂದು ಅಕಿನ ನೋಡ್ಕೊಂಡ್ಲು. ಚಾಚಾ ಕಣ್ಣು ಮುಚ್ಚಿ ಹೂಂ ಅಂದ್ರು. ಆಮ್ಯಾಲ ಎರಡು ತಾಸು ಎಲ್ಲಾರೂ ಆ ಒಂದ ಸ್ವರ ಹಾಡಿದ್ರು. ಕಲಿಯೂದಕ್ಕಿಂತ ಕಲತಿದ್ದು ಬಿಡೂದು ಕಷ್ಟ. ಅಜ್ಜನ ದನಿ ಕಡೀ ತನಕ ಹಳೇ ಜಾಗಾಕ್ಕ ಜಾರಾಕತ್ತಿತ್ತು.

ಮರುದಿನ ಸಂಜಿ ಕಾರ್ಯಕ್ರಮ. ಭವನ ತುಂಬಿತ್ತು. ಗ್ವಾಡಿಗೆಲ್ಲಾ ನಮ್ಮವರ ಚಿತ್ರ ಅಂಟಿಸಿದ್ವಿ. ಮಗ್ಗದ ಮಂದಿ ಹಿಂದ ಒಂದು ಸಾಲು ಹಿಡದು ಕುಂತಿದ್ರು, ಅವರ ನಡುವ ಅಕಿ ಗಂಡ, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು. ಅಕಿ ತಂಬೂರಿ ತಾನ ಕೂಡಿಸಿ ಹಿಡಕೊಂಡ್ಲು. ನಾ ಬಾಜೂಕ ತಾಳಕ್ಕ ಕುಂತೆ. ಬಲಗಿವಿಗೆ ಹತ್ತಿ ಅರಳಿ ಇಟ್ಟು ನೋಡಿದ್ದೆ, ಅದು ಸಾಲೂದಿಲ್ಲ, ಸ್ವರ ಒಳಗ ಬಂದ ಬರ್ತೈತಿ. ಬೆರಳಿಲೇ ಒತ್ತಿ ಮುಚ್ಚಿದ್ರ ಎಡಗಿವಿ ಖರೆ ಹೇಳ್ತೈತಿ. ಆದ್ರ ಊರ ಮಂದಿ ಮುಂದ ಅಕಿ ಹಾಡೂವಾಗ ಗುರು ಕಿವಿ ಮುಚ್ಚಿಕೊಂಡ್ಲು ಅಂದ್ರ ಅಕಿ ಗತಿ ಏನು? ಎರಡೂ ಕಿವಿ ತೆರದಿಟ್ಟು ಕುಂತೆ.

ಅಕಿ ಸ ಹಿಡದ್ಲು. ಮೊದಲ ಸಾಲು, ಎರಡನೇ ಸಾಲು. ಆ ಜಾಗಾ ಬರಾಕತ್ತಿತು. ಅಕಿ ಜಿಗದ್ಲು, ನಿಂತ್ಲು.

ನನಗ ಅದು ತಪ್ಪ ಕೇಳಸ್ತು. ಒಂದು ನೂಲು ಮ್ಯಾಲ, ಅಪಸ್ವರ. ಹಲ್ಲಿಗೆ ಥಣ್ಣೀರು ಬಡದಂಗ ಆತು. ಇಳಸು ಅಂತ ನಾಲಿಗಿ ತನಕ ಬಂತು, ಹಲ್ಲ ಕಚ್ಚಿದೆ. ಚಾಚಾನ ಮಾರಿ ನೋಡಿದೆ. ಅವರು ತಲಿ ತೂಗಾಕತ್ತಿದ್ರು. ಹಿಂದಿನ ಸಾಲಿನಾಗ ಒಬ್ಬಾಕಿ ಮುದುಕಿ ಕಣ್ಣು ಒರಸ್ಕೊಂಡ್ಲು. ಇಡೀ ಭವನದಾಗ ಅದು ತಪ್ಪು ಅನಿಸಿದ್ದು ನನಗೊಬ್ಬಾಕೀಗೆ.

ಹಾಡು ಮುಗೀತು. ಚಪ್ಪಾಳಿ ನಿಲ್ಲೂದರಾಗ ಅಕಿ ಗಂಡ ಎದ್ದು, ಖುರ್ಚಿ ಸರಸ್ಕೋತ ಮುಂದ ಬಂದ. ಅಕಿ ತಂಬೂರಿ ಅಪ್ಪಿಕೊಂಡು ಕುಂತ ಇದ್ಲು. ಅವ ಅಕಿನ್ನ ನೋಡಲಿಲ್ಲ, ನನ್ನ ಮುಂದ ನಿಂತು ಕೈ ಮುಗದ.

"ಬರೋಬರ ಹಾಡಿದ್ಲೇನ್ರಿ ಅಕ್ಕೋರ?"

ನನ್ನ ಕಿವಿಯಾಗ ಆ ಸೊಟ್ಟ ಪ ಇನ್ನೂ ಇತ್ತು. ಅಕಿ ನನ್ನ ನೋಡಾಕತ್ತಿದ್ಲು, ನನಗ ಹೆಂಗ ಕೇಳಿಸಿರಬೇಕು ಅಂತ ಅಕೀಗೆ ಗೊತ್ತಿತ್ತು.

"ಬರೋಬರ ಹಾಡ್ಯಾಳಪ್ಪಾ," ಅಂದೆ. "ನನಗಿಂತ ಬರೋಬರ."